ನಾಲ್ಕು ತಾಲೂಕಿನ ಸುದ್ದಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



‘ಇಂಜಿನಿಯರಿಂಗ್ ಓದಿದ ನಮ್ಮ ಭಾಗದ ಮಕ್ಕಳು ಈಗ ಎಲ್ಲಿದ್ದಾರೆ, ಹೇಳಪ್ಪಾ’ ಎಂದು ಮುಖ್ಯ ಗುರುಗಳು ಕೇಳಿದ್ದಾರೆ. ನನಗೆ ಸರಿಯಾಗಿ ಗೊತ್ತಿರುವುದು ನಾಲ್ಕು ಜನರ ಸುದ್ದಿ. ಅದನ್ನೇ ಹೇಳುತ್ತೇನೆ.

ನಾನು ಬಿ.ಇ. ಸಿವಿಲ್ ಸೇರಿದ್ದು 2007ರಲ್ಲಿ. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಎಂದೇ ಹೆಸರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ವರ ತಂಡವಾಯಿತು. ಒಬ್ಬ ಇಂಡಿಯವ, ಒಬ್ಬ ಸಿಂದಗಿಯವ, ಒಬ್ಬಾಕೆ ಮುದ್ದೇಬಿಹಾಳದವಳು, ನಾನು ಬಸವನ ಬಾಗೇವಾಡಿ. ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಏ ಇಂಡಿ’, ‘ಏ ಬಾಗೇವಾಡಿ’ ಅಷ್ಟೇ. ಈಗ ಚಡಚಣ, ಆಲಮೇಲ, ತಾಳಿಕೋಟೆ, ಕೊಲ್ಹಾರ ಎಂದು ಹೊಸ ತಾಲೂಕುಗಳಾಗಿವೆ. ನಾವು ಮಾತ್ರ ಹಳೆಯ ಹೆಸರು ಬಿಟ್ಟಿಲ್ಲ.

ಇಂಡಿಯವನದು ಲಿಂಬೆ ತೋಟದ ಮನೆ. ಬರದ ವರ್ಷಗಳಲ್ಲಿ ಬೋರ್‌ವೆಲ್ ಬತ್ತಿ, ತಂದೆ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿದರು. ಮಗ ಪುಣೆಯಲ್ಲಿ ಕಟ್ಟಡ ಕಟ್ಟಿಸುತ್ತ ಅದಕ್ಕೆ ದುಡ್ಡು ಕಳಿಸಿದ. ಈಗಲೂ ಅಲ್ಲೇ ಇದ್ದಾನೆ, ಒಬ್ಬ ಮಗ. ಮುದ್ದೇಬಿಹಾಳದವಳ ಅಜ್ಜನ ಹೊಲ ನಾರಾಯಣಪುರದ ಹಿನ್ನೀರಿಗೆ ಹೋಯಿತು. ಅವಳು ಬೆಳೆದದ್ದು ಪುನರ್ವಸತಿ ಕೇಂದ್ರದಲ್ಲಿ. ಇಂದು ಕಾಲುವೆ ಕೆಲಸದಲ್ಲೇ ಇಂಜಿನಿಯರ್. ಇಬ್ಬರು ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಇಂಡಿ ಶಾಖಾ ಕಾಲುವೆಗೆ ಬರುವುದು ನಾರಾಯಣಪುರದ ನೀರೇ. ‘ನಿಮ್ಮಜ್ಜನ ಹೊಲದಾಗಿನ ನೀರು ನಮ್ಮ ತೋಟಕ್ಕ ಯಾವಾಗ ಬಿಡ್ತೀಯವ್ವಾ?’ ಎಂದು ಇಂಡಿಯವನ ತಂದೆ ಅವಳನ್ನು ಕಾಡಿಸುತ್ತಾರೆ.

ನಾನು ಸಿವಿಲ್ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಾಡುತ್ತೇನೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಸಿಂದಗಿಯವನ ಮಾತು ಬೇರೆ. ನಮಗೆಲ್ಲ ಲೆಕ್ಕ ಹೇಳಿಕೊಟ್ಟವನು ಅವನು. ಅವನ ತಂದೆ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದರು. ಆರನೇ ಸೆಮಿಸ್ಟರಿನಲ್ಲಿ ತೀರಿಕೊಂಡರು. ಆ ಸಲದ ಎರಡು ಪೇಪರ್ ಉಳಿದವು, ಉಳಿದೇ ಹೋದವು. ತಂಗಿಯ ಮದುವೆ, ತಾಯಿಯ ಔಷಧಿ ಎಂದು ವರ್ಷಗಳು ಹೋಗಿ, ಪದವಿ ಮುಗಿಸುವ ಅವಧಿಯೂ ದಾಟಿತು. ಆಮೇಲೊಂದು ದಿನ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದ. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ.

2020ರ ಲಾಕ್‌ಡೌನಿನಲ್ಲಿ ನಾನು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಿದ್ದೆ. ಸಂಚಾರ ತೆರೆದ ಮೇಲೆ ಬೈಕ್ ಹತ್ತಿ ಸಿಂದಗಿಗೆ ಹೋದೆ. ಸಣ್ಣ ಅಂಗಡಿ, ಒಂದು ಕಂಪ್ಯೂಟರ್, ಒಂದು ಝೆರಾಕ್ಸ್. ಹೆಂಡತಿ ಆಶಾ ಕಾರ್ಯಕರ್ತೆ. ಸಮೀಕ್ಷೆಗೆ ಮನೆ ಮನೆ ತಿರುಗುತ್ತಿದ್ದಳು. ಅವನ ತಾಯಿ ಚಹಾ ಕೊಟ್ಟು, ‘ಮುದ್ದೇಬಿಹಾಳದ ಹುಡುಗಿ ಹಡದ್ಲೇನಪ್ಪಾ?’ ಎಂದು ಕೇಳಿದರು. ನಮ್ಮೆಲ್ಲರ ಸುದ್ದಿ ಅವರಿಗೆ ಬೇಕಿತ್ತು. ಅವರ ಮನೆಯ ಸುದ್ದಿ ನಮಗೆ ಬೇಕಾಗಿರಲಿಲ್ಲ.

ಗುಂಪು ಯಾಕೆ ಬಿಟ್ಟೆ ಎಂದು ಆಗ ಕೇಳಿದೆ. ‘ನೀ ಆಫರ್ ಲೆಟರ್ ಫೋಟೋ ಹಾಕಿದ ದಿನ ನಮ್ಮಪ್ಪನ ವರ್ಷದ್ದು ಇತ್ತು’ ಎಂದ. ಸಿಟ್ಟಿನಿಂದ ಹೇಳಲಿಲ್ಲ, ತಾರೀಖು ಹೇಳಿದ ಹಾಗೆ ಹೇಳಿದ. ನಾನು ಆ ಫೋಟೋ ಹಾಕಿದ್ದು ನಿಜ. ತಾರೀಖು ನೆನಪಿರಲಿಲ್ಲ.

ಮತ್ತೆ ಗುಂಪಿಗೆ ಸೇರಿಸಲೇ ಎಂದರೆ ‘ಬ್ಯಾಡ, ಫೋನ್ ಮಾಡು’ ಎಂದ. ಮಾಡುತ್ತೇನೆ. ಒಮ್ಮೊಮ್ಮೆ ತಿಂಗಳು ತಪ್ಪುತ್ತದೆ. ಆಗ ಅವನೇ ಮಾಡಿ ಬೈಯುತ್ತಾನೆ. ಇದನ್ನೆಲ್ಲ ಇಲ್ಲಿ ಹೇಳಲೇ ಎಂದು ಅವನನ್ನು ಕೇಳಿದ್ದೇನೆ. ‘ಹೇಳು, ಸುಳ್ಳೇನಲ್ಲಲಾ’ ಎಂದ.

ಅವನ ಅಂಗಡಿಗೆ ಹೆಚ್ಚಾಗಿ ಬರುವುದು ವಿದ್ಯಾರ್ಥಿವೇತನದ ಅರ್ಜಿಗಳು. ಆಧಾರಿನಲ್ಲಿರುವ ಹೆಸರು ಶಾಲೆಯ ದಾಖಲೆಗೆ ತಾಳೆಯಾಗದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಎಷ್ಟೋ ಮಕ್ಕಳ ಹಣ ನಿಲ್ಲುತ್ತದೆ. ಯಾವ ಕಾಗದ ಎಲ್ಲಿ ತಿದ್ದಿಸಬೇಕು ಎಂಬುದು ಅವನಿಗೆ ಬಾಯಿಪಾಠ.

ಇವತ್ತು ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದಾನೆ. ಹಿಂದೆ, ಬೇವಿನ ಗಿಡದ ಕೆಳಗೆ ಕೂತಿದ್ದಾನೆ. ವೇದಿಕೆಗೆ ಕರೆದರೆ ಎದ್ದು ಹೋಗುತ್ತೇನೆ ಎಂದು ಮೊದಲೇ ಹೆದರಿಸಿದ್ದಾನೆ, ಕರೆಯುವುದಿಲ್ಲ. ಊಟದ ಪಂಕ್ತಿಯಲ್ಲಿ ಸಿಗುತ್ತಾನೆ. ಮಕ್ಕಳ ಅರ್ಜಿ ನಿಂತಿರುವವರು ಕಾಗದ ತಂದು ತೋರಿಸಿ.