ಬಿಸಿಲಿನ ಯಜಮಾನರು ನಾವೇ ಆಗೋಣ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಿಂದೆ ಬೀಜ-ಗೊಬ್ಬರದ ಸಾಲಕ್ಕಾಗಿ ನಾವೆಲ್ಲ ಕೂಡಿ ಈ ಸಂಘ ಕಟ್ಟಿದೆವು. ಇವತ್ತು ಬಿಸಿಲಿಗಾಗಿ ಕೂಡಬೇಕಾಗಿದೆ.

ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ಹೋದರೂ ನಮ್ಮಲ್ಲಿ ಬಿಸಿಲಿಗೇನು ಬರ ಇಲ್ಲ. ಆದರೆ ಮಳೆ ಮೊದಲಿನಂಗ ಉಳಿದಿಲ್ಲ. 2020ರ ಅಕ್ಟೋಬರದಾಗ ಕಾಗಿಣಾ ಉಕ್ಕಿ ಮಳಖೇಡದ ಕಡೆ ನೀರು ನುಗ್ಗಿತು. 2022ರಲ್ಲಿ ತೊಗರಿಗೆ ನೆಟೆರೋಗ ಬಿತ್ತು. 2023ರಲ್ಲಿ ಬರ. ಸಾಲದ ಕಂತು ತಪ್ಪಿಸಿದವರೊಳಗೆ ನಾವೂ ಇದ್ದೆವು.

ವಾಡಿ, ಶಹಾಬಾದ ಕಡೆಯವರಿಗೆ ಸುಣ್ಣದ ಕಲ್ಲಿನ ವಿಷಯ ಹೇಳಬೇಕಾಗಿಲ್ಲ. ಸಿಮೆಂಟಿಗಾಗಿ ಆ ಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲ ಗಾಳಿಗೆ ಸೇರುತ್ತದೆ. ಕಲ್ಲಿದ್ದಲ ಹೊಗೆ ಬೇರೆ. ಭೂಮಿ ಕಾಯುವುದಕ್ಕೆ ಇದೂ ಒಂದು ಕಾರಣ. ನಮ್ಮ ಎಷ್ಟೋ ಮನೆಗಳ ಪಗಾರವೂ ಅದರಿಂದಲೇ ಬಂದಿದೆ, ದೂರುವ ಮಾತಲ್ಲ. ಆದರೆ ಕಲ್ಲು ಮುಗಿಯುತ್ತದೆ, ಬಿಸಿಲು ಮುಗಿಯುವುದಿಲ್ಲ. ಆ ಬಿಸಿಲಿಗೆ ಯಜಮಾನರು ಯಾರು ಎಂಬುದೇ ಪ್ರಶ್ನೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿಯ ರೈತರು ಹೊಲ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಬರದ ನಾಡಿಗೆ ಇದು ಸಣ್ಣ ಮಾತಲ್ಲ. ಆದರೆ ಹೊಲವೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಎಲ್ಲಿಂದ ಬರಬೇಕು? ಅವರ ಕಳೆ-ಕೊಯಿಲಿನ ಕೆಲಸ ಹೋಯಿತು.

ಇನ್ನೊಂದು ದಾರಿಯೂ ಇದೆ. ಗುಜರಾತದ ಖೇಡಾ ಜಿಲ್ಲೆಯ ಧುಂಡಿ ಗ್ರಾಮದಲ್ಲಿ 2016ರಲ್ಲಿ ಆರು ಜನ ರೈತರು ಸೌರ ಪಂಪಿನ ಸಹಕಾರಿ ಸಂಘ ಮಾಡಿದರು. ಹೊಲಕ್ಕೆ ನೀರು ಹಾಯಿಸಿ ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ನೀರು ಪೋಲಾದರೆ ರೊಕ್ಕ ಪೋಲು ಎಂಬುದು ಅವರಿಗೆ ತಾನೇ ತಿಳಿಯಿತು. ನಮ್ಮಲ್ಲಿ 10 ಎಚ್.ಪಿ. ತನಕ ಪಂಪಿಗೆ ಬಿಲ್ಲಿಲ್ಲ. ರಾತ್ರಿ ಕರೆಂಟು ಬರಲಿ ಅಂತ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಮುಂಜಾನೆ ನೋಡಿದರೆ ನೀರು ಬಾಜೂ ಹೊಲದಾಗ! ಹಿಂಗಾದರ ಬೋರು ಬತ್ತದೆ ಏನಾದೀತು?

ಆದ್ದರಿಂದ ನಮ್ಮ ವಿನಂತಿ ಮೂರು. ಒಂದು, ಯಾರೇ ಕಾಗದ ಹಿಡಿದು ಮನೆಗೆ ಬಂದರೂ ಒಬ್ಬರೇ ಸಹಿ ಮಾಡಬೇಡಿರಿ, ಸಂಘಕ್ಕೆ ತನ್ನಿರಿ. ಎಲ್ಲರೂ ಕೂಡಿ ಓದಿಸೋಣ. ಎರಡು, ಹೊಲ ಇಲ್ಲದವರ ಕೆಲಸದ ಮಾತು ಮೊದಲು ಬರೆಯಿಸೋಣ, ಗುತ್ತಿಗೆಯ ಮಾತು ಆಮೇಲೆ. ಮೂರು, ಸಂಘದ ಗೋದಾಮಿನ ಮಾಳಿಗೆಯಿಂದಲೇ ಆರಂಭಿಸೋಣ. ಜೊತೆಗೆ ಕೃಷಿ ಹೊಂಡ ಮಾಡೋಣ. ಬರೀ ತೊಗರಿ ನಂಬದೆ ಅದರ ಸಾಲಿನ ನಡುವೆ ಹೆಸರೋ ಜೋಳವೋ ಹಾಕೋಣ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿದೀತು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆಗ ಕೂಡಿದ್ದು ಸಾಲಕ್ಕಾಗಿ. ಈಗ ಬಿಸಿಲಿಗಾಗಿ ಕೂಡೋಣ. ಸುವರ್ಣ ಮಹೋತ್ಸವದ ಸಭೆಯಲ್ಲಿ ನಮ್ಮ ಮಕ್ಕಳು ಈ ಗೋದಾಮಿನ ದೀಪ ಹಚ್ಚಿದಾಗ, ಇದು ನಮ್ಮ ಸಂಘದ್ದೇ ಕರೆಂಟು ಅಂತ ಅನ್ನುವಂತಾಗಲಿ.