ಜಾಲತಾಣದ ಬೀಗದ ಕೈ ಯಾರ ಬಳಿ ಇದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಜಾಲತಾಣ ಮಾಡುವುದು ಹೇಗೆ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಮಾಡುವುದು ಈಗ ಕಷ್ಟವಲ್ಲ. ಬ್ಲಾಗರ್, ವರ್ಡ್‌ಪ್ರೆಸ್‌ನಂತಹ ಸೇವೆಗಳಲ್ಲಿ ಒಂದೇ ಸಂಜೆಯಲ್ಲಿ ಪುಟ ಸಿದ್ಧವಾಗುತ್ತದೆ. ಆದರೆ ಮೂರು ವರ್ಷದ ನಂತರವೂ ಆ ಪುಟ ತೆರೆಯಬೇಕು, ಅದರಲ್ಲಿರುವ ಮಾತು ಆಗಲೂ ನಿಜವಾಗಿರಬೇಕು. ಕಷ್ಟವಿರುವುದು ಅಲ್ಲಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ಗೆಳೆಯರು ಸೇರಿ ಒಂದು ಸಂಸ್ಥೆಗೆ ಜಾಲತಾಣ ಮಾಡಿಕೊಟ್ಟೆವು. ಹೆಸರನ್ನು ನಮ್ಮಲ್ಲೊಬ್ಬರು ತಮ್ಮ ಸ್ವಂತ ಇ-ಮೇಲ್‌ನಲ್ಲಿ ನೋಂದಾಯಿಸಿದರು. ಅವರು ಕೆಲಸಕ್ಕೆಂದು ಗಲ್ಫ್‌ಗೆ ಹೋದರು, ಆ ಇ-ಮೇಲ್ ನೋಡುವುದನ್ನು ಬಿಟ್ಟರು. ನವೀಕರಣದ ಸೂಚನೆಗಳೆಲ್ಲ ಅಲ್ಲಿಗೇ ಹೋದವು. ಅವಧಿ ಮುಗಿಯಿತು, ಹೆಸರು ಬೇರೆಯವರ ಪಾಲಾಯಿತು. ನಾಲ್ಕು ವರ್ಷದ ಲೇಖನ, ಫೋಟೋ ಎಲ್ಲವೂ ಹೋಯಿತು. ನಮ್ಮ ಬಳಿ ಒಂದು ಪ್ರತಿಯೂ ಇರಲಿಲ್ಲ. ತಪ್ಪು ಯಾರೊಬ್ಬರದೂ ಅಲ್ಲ, ನಮ್ಮೆಲ್ಲರದು.

ಆದ್ದರಿಂದ ಮೊದಲ ಸಲಹೆ: ಹೆಸರನ್ನು ಸಂಘದ ಹೆಸರಿನಲ್ಲಿಯೇ, ಸಂಘದ ಇ-ಮೇಲ್‌ನಲ್ಲಿಯೇ ನೋಂದಾಯಿಸಿ. ಗುಪ್ತಪದ ಕನಿಷ್ಠ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಪದಾಧಿಕಾರಿಗಳು ಬದಲಾದಾಗ ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಹಸ್ತಾಂತರಿಸುವಂತೆ ಇದನ್ನೂ ಹಸ್ತಾಂತರಿಸಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಹೆಸರನ್ನು ಒಂದೇ ಸಲಕ್ಕೆ 10 ವರ್ಷದವರೆಗೆ ನೋಂದಾಯಿಸಲು ಅವಕಾಶವಿದೆ. ಇ-ಮೇಲ್ ಅನ್ನು ಆಗಾಗ ತೆರೆಯುತ್ತಿರಿ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಿಹಾಕುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಲ್ಲಿ ಆರಂಭಿಸಿದೆ.

ಎರಡನೆಯದು, ಪ್ರತಿ ಇಟ್ಟುಕೊಳ್ಳುವುದು. ಜಿಯೋಸಿಟೀಸ್ ಎಂಬ ಉಚಿತ ಸೇವೆಯಲ್ಲಿ ಲಕ್ಷಾಂತರ ಜನ ಪುಟಗಳನ್ನು ಮಾಡಿಕೊಂಡಿದ್ದರು. 2009ರ ಅಕ್ಟೋಬರ್‌ನಲ್ಲಿ ಯಾಹೂ ಅದನ್ನು ಮುಚ್ಚಿತು. ಉಚಿತ ಸೇವೆ ಬಳಸಬಾರದೆಂದು ನಾನು ಹೇಳುವುದಿಲ್ಲ, ನಮ್ಮಂತಹ ಸಂಘಗಳಿಗೆ ಅದೇ ಅನುಕೂಲ. ಆದರೆ ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಬರಹಗಳ ಪ್ರತಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಮೂರು ತಿಂಗಳಿಗೊಮ್ಮೆ ಇಳಿಸಿಕೊಂಡು, ಎರಡು ಬೇರೆ ಬೇರೆ ಕಡೆ ಇಡಿ.

ಮೂರನೆಯದು, ಭಾಷೆ. ನಮ್ಮ ಹಳೆಯ ಸುತ್ತೋಲೆ, ವರದಿಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿವೆ. ಅವನ್ನು ಹಾಗೆಯೇ ಪುಟಕ್ಕೆ ಹಾಕಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಹುಡುಕುವವರಿಗೂ ಅವು ಸಿಗುವುದಿಲ್ಲ. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಒಮ್ಮೆ ಓದಿ, ನಂತರ ಹಾಕಿ. ಆದೇಶದ ಪ್ರತಿಯನ್ನು ಚಿತ್ರವಾಗಿ ಹಾಕುವುದಾದರೆ ಅದರ ಸಾರಾಂಶವನ್ನು ಕೆಳಗೆ ಟೈಪ್ ಮಾಡಿ. ಮನೆಯ ಹಿರಿಯರಿಗಾಗಿ ಉರ್ದು ಪುಟ ಮಾಡಿದರೆ ಅದು ಬಲದಿಂದ ಎಡಕ್ಕೆ ಸಾಗುವಂತೆ ಎಚ್‌ಟಿಎಂಎಲ್‌ನಲ್ಲಿ ಸೂಚನೆ ಕೊಡಬೇಕು. ಇಲ್ಲದಿದ್ದರೆ ಪೂರ್ಣವಿರಾಮ, ಅಂಕಿಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ನಾಲ್ಕನೆಯದು, ಪುಟದ ಭಾರ. ಮೈಸೂರಿನಲ್ಲಿ ಕುಳಿತು ನೋಡಿದರೆ ಎಲ್ಲವೂ ಚೆನ್ನಾಗಿಯೇ ತೆರೆಯುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಊರಿನಲ್ಲಿ ಸಿಗ್ನಲ್‌ಗಾಗಿ ಮನೆಯಿಂದ ಹೊರಗೆ ಬಂದು ನಿಲ್ಲುವ ಹುಡುಗಿಯ ಫೋನಿನಲ್ಲಿ ತೆರೆಯಬೇಕಲ್ಲವೇ? ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅಳತೆ ಕುಗ್ಗಿಸಿದರೆ 150 ಕೆಬಿಯಲ್ಲೂ ಸ್ಪಷ್ಟವಾಗಿ ಕಾಣುತ್ತದೆ. ಸನ್ಮಾನದ ಹತ್ತು ಫೋಟೋ ಬದಲು ಎರಡು ಸಾಕು. ಅರ್ಜಿಯ ಕೊನೆಯ ದಿನಾಂಕ ಎಲ್ಲಕ್ಕಿಂತ ಮೇಲೆ, ಅಕ್ಷರದಲ್ಲಿ ಇರಲಿ.

ಐದನೆಯದು ಅತಿ ಮುಖ್ಯವಾದದ್ದು: ದಿನಾಂಕ ಮತ್ತು ಪರಿಷ್ಕರಣೆ. 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಷಿಪ್ ಕೂಡ 2022-23ರಿಂದ ನಿಂತಿತು. ಇವುಗಳ ಬಗ್ಗೆ ಹಿಂದೆ ಹಾಕಿದ ಪುಟವನ್ನು ಯಾರೂ ತಿದ್ದದಿದ್ದರೆ ಏನಾಗುತ್ತದೆ ಯೋಚಿಸಿ. ಒಬ್ಬ ತಂದೆ ಅದನ್ನು ನಂಬಿ, ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಆದಾಯ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಬರುತ್ತಾರೆ. ಇಲ್ಲದ ಯೋಜನೆಗಾಗಿ ಸರದಿಯಲ್ಲಿ ನಿಲ್ಲುತ್ತಾರೆ. ಮುಂದಿನ ಸಲ ನಿಜವಾದ ಯೋಜನೆ ಇದೆ ಎಂದು ನಾವು ಹೇಳಿದರೂ ಅವರು ನಂಬುವುದಿಲ್ಲ. ಮಾಹಿತಿಯೇ ಇಲ್ಲದಿರುವುದಕ್ಕಿಂತ ಹಳಸಿದ ಮಾಹಿತಿ ಹೆಚ್ಚು ಹಾನಿ ಮಾಡುತ್ತದೆ.

ಹಾಗಾಗಿ ಪ್ರತಿ ಪುಟದ ಕೆಳಗೆ 'ಕೊನೆಯದಾಗಿ ಪರಿಶೀಲಿಸಿದ ದಿನಾಂಕ' ಬರೆಯಿರಿ. ವಿದ್ಯಾರ್ಥಿವೇತನದ ವಿವರಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮತ್ತು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ಗಳ ಕೊಂಡಿ ಕೊಡಿ. ನಿಂತುಹೋದ ಯೋಜನೆಯ ಪುಟವನ್ನು ಅಳಿಸಬೇಡಿ. 'ಇದು ಇಂಥ ವರ್ಷ ನಿಂತಿದೆ' ಎಂದು ಮೇಲೆಯೇ ಬರೆಯಿರಿ, ಹುಡುಕಿಕೊಂಡು ಬಂದವರಿಗೆ ಉತ್ತರ ಸಿಗಲಿ. ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬ ವಿದ್ಯಾರ್ಥಿ ತಿಂಗಳಿಗೊಂದು ಗಂಟೆ ಕೊಟ್ಟರೂ ಈ ಕೆಲಸ ನಡೆಯುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸಹಾಯ ಪಡೆದ ಮಕ್ಕಳ ಪಟ್ಟಿಯನ್ನು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಸಮೇತ ಹಾಕುವುದುಂಟು. ದಯವಿಟ್ಟು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಹಾಗಿರಲಿ, ನೆರವು ಪಡೆದದ್ದನ್ನು ಜಗತ್ತಿಗೆ ಸಾರಿ ಮಗುವಿನ ಮುಖ ಕೆಳಗಾಗುವಂತೆ ಮಾಡುವುದು ನಮಗೆ ಶೋಭೆಯಲ್ಲ. ಎಷ್ಟು ಮಕ್ಕಳಿಗೆ, ಒಟ್ಟು ಎಷ್ಟು ಹಣ ಎಂದು ಬರೆದರೆ ಲೆಕ್ಕವೂ ಆಯಿತು, ಮರ್ಯಾದೆಯೂ ಉಳಿಯಿತು.

ಮಿತ್ರರೇ, ಇಂದು ಮನೆಗೆ ಹೋದ ಮೇಲೆ ನಿಮ್ಮ ಸಂಘದ ಅಥವಾ ಶಾಲೆಯ ಪುಟವನ್ನು ಒಮ್ಮೆ ತೆರೆದು ನೋಡಿ. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಉತ್ತರ ಸಿಗದಿದ್ದರೆ, ಕೆಲಸ ಅಲ್ಲಿಂದಲೇ ಶುರು ಮಾಡಿ.