ಪೇಟೆಯ ಅಂಗಡಿಗೆ ನಾವೆಲ್ಲ ಹೋಗುವುದು ಎಂತಕ್ಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ವಿಷಯ "ಸಂಘದ ಕಿರಾಣಿ ವಿಭಾಗಕ್ಕೆ ಸದಸ್ಯರ ಸಹಕಾರ" ಎಂದು ಅಚ್ಚಾಗಿದೆ. ಸಹಕಾರ ಕೊಡಿ, ಸೊಸೈಟಿಯಲ್ಲೇ ಸಾಮಾನು ಕೊಳ್ಳಿ ಎಂಬ ಮಾತು ಪ್ರತಿ ಮಹಾಸಭೆಯಲ್ಲೂ ಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಯ ಬಸ್ಸಿಗೆ ಖಾಲಿ ಚೀಲ ಹಿಡಿದು ಸಾಗರಕ್ಕೆ ಹೊರಡುತ್ತಾರೆ. ವೇದಿಕೆಯ ಮೇಲೆ ಕೂತವರ ಮನೆಯವರೂ ಅದೇ ಬಸ್ಸಿನಲ್ಲಿ ಇರುತ್ತಾರೆ, ನಗಬೇಡಿ, ಇರುವುದು ಹೌದು. ಹಾಗಾಗಿ ಈ ಸಲ ಉಪದೇಶ ಬೇಡ. ನಾವೆಲ್ಲ ಪೇಟೆಯ ಅಂಗಡಿಗೆ ಹೋಗುವುದು ಎಂತಕ್ಕೆ, ಅದನ್ನೇ ನೋಡೋಣ ಅಂತ ನಮ್ಮ ಆಲೋಚನೆ.

ಇದು ಸುಮ್ಮನೆ ಕುತೂಹಲದ ಪ್ರಶ್ನೆ ಅಲ್ಲ. ಕಿರಾಣಿ ವಿಭಾಗದ ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ವರದಿಯಲ್ಲಿ ನಿಮ್ಮೆದುರೇ ಇದೆ. ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ಕಿರಾಣಿ ಮುಚ್ಚಿ, ಗೊಬ್ಬರ ಮತ್ತು ಪಡಿತರ ಮಾತ್ರ ಇಟ್ಟುಕೊಳ್ಳೋಣ ಎಂದು ಒಂದು. ಸಾಲ ತೆಗೆದು ಟಾರ್ ರಸ್ತೆಯ ಪಕ್ಕ ದೊಡ್ಡ ಸೂಪರ್ ಮಾರ್ಕೆಟ್ ಕಟ್ಟೋಣ ಎಂದು ಇನ್ನೊಂದು. ಎರಡೂ ಮುಂದಿನ ಮಹಾಸಭೆಗೆ ಬರಲಿವೆ. ಮುಚ್ಚಬೇಕೋ ಕಟ್ಟಬೇಕೋ ತೀರ್ಮಾನಿಸುವ ಮೊದಲು, ಚೀಲ ಹಿಡಿದು ಬಸ್ಸು ಹತ್ತುವವರ ಮನಸ್ಸಿನಲ್ಲಿ ಏನಿದೆ ಎಂಬುದು ಗೊತ್ತಿರಬೇಕಲ್ಲ.

ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ, "ಅಲ್ಲಿ ಕಮ್ಮಿ ಮಾರಾಯ್ರೆ." ಸರಿ, ಲೆಕ್ಕ ಮಾಡೋಣ. ಎರಡು ಸಾವಿರ ರೂಪಾಯಿಯ ಸಾಮಾನು ತಂದಿರಿ, ನೂರಕ್ಕೆ ಐದು ರೂಪಾಯಿ ಕಡಿಮೆ ಬಿತ್ತು ಅಂದುಕೊಳ್ಳಿ. ಉಳಿದದ್ದು ನೂರು ರೂಪಾಯಿ. ಇಲ್ಲಿಂದ ಸಾಗರಕ್ಕೆ ಹೋಗಿ ಬರಲು ಐವತ್ತು ಕಿಲೋಮೀಟರು. ಬೈಕು ಲೀಟರಿಗೆ ಐವತ್ತು ಕೊಟ್ಟರೂ ಒಂದು ಲೀಟರು ಪೆಟ್ರೋಲು, ಅದಕ್ಕೇ ನೂರರ ಮೇಲೆ ಹೋಯಿತು. ಕಾರಿನಲ್ಲಿ ಹೋದರೆ ಮೂರು ಲೀಟರು ಬೇಕು. ಅದು ಹುಟ್ಟಬೇಕಾದರೆ ಆರು ಸಾವಿರದ ಸಾಮಾನು ಕೊಳ್ಳಬೇಕು. ಮೇಲೆ ಹೋಟೆಲಿನ ಮಸಾಲೆ ದೋಸೆ, ಮಕ್ಕಳಿಗೆ ಐಸ್‌ಕ್ರೀಮು. ಇವನ್ನೆಲ್ಲ ಯಾರೂ ಸಾಮಾನಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಪೇಟೆಯಲ್ಲಿ ಕಡಿಮೆ ಎಂಬುದು ಸುಳ್ಳೂ ಅಲ್ಲ. ದೊಡ್ಡ ಅಂಗಡಿಯವರು ಕಂಪೆನಿಯಿಂದ ಲಾರಿಗಟ್ಟಲೆ ತರಿಸುತ್ತಾರೆ, ನಡುವಿನ ಏಜೆಂಟರ ಕಮಿಷನ್ ಉಳಿಯುತ್ತದೆ. ಸಾಮಾನು ಬೇಗ ಖರ್ಚಾಗುವುದರಿಂದ ಒಂದೇ ಬಂಡವಾಳ ತಿಂಗಳಲ್ಲಿ ಹಲವು ಸಲ ತಿರುಗುತ್ತದೆ. ಇನ್ನೊಂದು ಉಪಾಯವೂ ಇದೆ. ಎಲ್ಲರಿಗೂ ದರ ಬಾಯಿಪಾಠ ಇರುವ ಸಕ್ಕರೆ, ಎಣ್ಣೆಗೆ ಲಾಭ ಬಿಟ್ಟು ಮಾರುತ್ತಾರೆ, ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಆದರೆ ಸಕ್ಕರೆ ಮೂಟೆ ಬಾಗಿಲ ಬಳಿ ಇರುವುದಿಲ್ಲ, ಒಳಗೆ ಕೊನೆಯಲ್ಲಿರುತ್ತದೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬಿಸ್ಕತ್ತು, ಶಾಂಪೂ, ಪ್ಲಾಸ್ಟಿಕ್ ಡಬ್ಬಿ ಎಲ್ಲ ಬುಟ್ಟಿಗೆ ಬಿದ್ದಿರುತ್ತದೆ. ಅವಕ್ಕೆ ಎಲ್ಲ ಕಡೆಯ ದರವೇ. ವ್ಯಾಪಾರ ಅಂದ ಮೇಲೆ ಇವೆಲ್ಲ ಇದ್ದದ್ದೇ, ಅವರನ್ನು ದೂರುವಂಥದ್ದೇನಿಲ್ಲ.

ಅಂದರೆ ದರ ಒಂದೇ ಕಾರಣವಾಗಿದ್ದರೆ ಇಷ್ಟು ಜನ ಹೋಗಬೇಕಾಗಿರಲಿಲ್ಲ. ನಮಗೆ ಕಂಡ ಹಾಗೆ, ಪೇಟೆಗೆ ಬರೀ ಸಾಮಾನಿಗೆಂದು ಹೊರಡುವವರು ಕಡಿಮೆ. ಮಂಡಿಯಲ್ಲಿ ಅಡಿಕೆ ಟೆಂಡರು ನೋಡುವುದಿದೆ, ತಾಲ್ಲೂಕು ಕಚೇರಿಯಲ್ಲಿ ಪಹಣಿ, ಆಸ್ಪತ್ರೆಯಲ್ಲಿ ಅಮ್ಮನ ಬಿ.ಪಿ. ಮಾತ್ರೆ, ಕಾಲೇಜಿನಲ್ಲಿ ಮಗಳ ಫೀಸು, ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗಿಗೆ ಕೊಟ್ಟದ್ದು ವಾಪಸು ತರುವುದು. ಅದರ ಜೊತೆಗೆ ಕಿರಾಣಿ. ಹೇಗೂ ಹೋಗಿ ಆಯಿತು, ಇದೂ ಒಂದು ಆಗಲಿ. ಪೆಟ್ರೋಲಿನ ಖರ್ಚು ಪಹಣಿಯ ತಲೆಗೆ, ಸಾಮಾನಿಗೆ ಪ್ರಯಾಣ ಪುಕ್ಕಟೆ! ನಾವು ಎಷ್ಟು ದರ ಇಳಿಸಿದರೂ ಪಹಣಿ ಕೊಡಲಾರೆವು, ಮೋಟಾರು ಸುತ್ತಿಕೊಡಲಾರೆವು.

ದಾರಿಯೂ ಸುಲಭವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನ ಟಿಕೆಟಿಗೆ ದುಡ್ಡಿಲ್ಲ. (ಖಾಸಗಿ ಬಸ್ಸು ಮಾತ್ರ ಓಡುವ ದಾರಿಯವರಿಗೆ ಆ ಭಾಗ್ಯ ಇಲ್ಲ, ಅದು ಬೇರೆ ಮಾತು.) ಹೊಳೆಯಾಚೆಯ ಕರೂರು, ಬಾರಂಗಿ ಕಡೆಯವರ ಕಷ್ಟ ನಿಮಗೆ ಗೊತ್ತೇ ಇದೆ. ಲಿಂಗನಮಕ್ಕಿ ನೀರು ನಿಂತ ಮೇಲೆ ಅವರಿಗೆ ಸಾಗರ ಅಂದರೆ ಹೊಳೆಬಾಗಿಲಿನ ಲಾಂಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ದೊಡ್ಡ ಸುತ್ತು ಹಾಕಬೇಕು, ಇಲ್ಲವೇ ಈಚೆ ದಡದಲ್ಲೇ ನೆಂಟರ ಮನೆ ಹುಡುಕಬೇಕು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಯಿತು. ಇನ್ನು ಅವರೂ ಗಡಿಯಾರ ನೋಡದೆ ಪೇಟೆ ಮಾಡಬಹುದು. ಇದು ಸಂತೋಷದ ಸಂಗತಿ, ಯಾರೂ ಲಾಂಚಿನ ಕಾಲವೇ ಚೆನ್ನಾಗಿತ್ತು ಅನ್ನಲಾರರು. ಆದರೆ ರಸ್ತೆ, ಸೇತುವೆ ಎರಡು ಕಡೆಗೂ ತೆರೆದಿರುತ್ತದೆ. ಊರಿಗೆ ಸಾಮಾನು ಬರುವುದು ಸುಲಭವಾದಷ್ಟೇ, ಊರಿನ ಗಿರಾಕಿ ಹೊರಗೆ ಹೋಗುವುದೂ ಸುಲಭ.

ಈಗ ನಾವು ಮುಖ್ಯ ಅಂದುಕೊಂಡಿರುವ ಮಾತಿಗೆ ಬರುತ್ತೇವೆ. ಇದನ್ನು ಹೇಳಿದವರು ಗಂಡಸರಲ್ಲ. ಸ್ವಸಹಾಯ ಗುಂಪಿನ ಅಕ್ಕತಂಗಿಯರ ಹತ್ತಿರ ಈ ವಿಷಯ ಎತ್ತಿದಾಗ ಒಬ್ಬ ತಾಯಿ ಕೇಳಿದರು, "ಸೊಸೈಟಿಯಲ್ಲಿ ನಾವು ಕೇಳಬೇಕು, ಅಲ್ಲಿ ನಾವು ತೆಗೆದುಕೊಳ್ಳುತ್ತೇವೆ. ಎರಡೂ ಒಂದೇಯಾ?"

ಅದನ್ನು ಬಿಡಿಸಿ ನೋಡಿ. ನಮ್ಮ ಅಂಗಡಿಯಲ್ಲಿ ಅಡ್ಡಕ್ಕೆ ಒಂದು ಮೇಜು. ಸಾಮಾನು ಮೇಜಿನ ಆಚೆ, ಸದಸ್ಯ ಈಚೆ. ಸಕ್ಕರೆ, ಸೀಮೆಎಣ್ಣೆ, ಗೊಬ್ಬರ ಅಳೆದು ಕೊಡುವ ಕಾಲಕ್ಕೆ ಅದು ಬೇಕಿತ್ತು. ಆದರೆ ಇಲ್ಲಿ ಒಂದು ಸೋಪು ತೋರಿಸಿ ಅಂದರೆ ತೋರಿಸುತ್ತಾರೆ, ಎರಡನೆಯದು ತೋರಿಸುತ್ತಾರೆ, ಮೂರನೆಯದಕ್ಕೆ ಕೇಳುವವರಿಗೇ ಸಂಕೋಚ. ದರ ಕೇಳಿ, ಬೇಡ ಅಂತ ವಾಪಸು ಇಡುವುದು ಇನ್ನೂ ಸಂಕೋಚ, ಪಕ್ಕದಲ್ಲಿ ನೆರೆಮನೆಯವರು ನಿಂತಿರುತ್ತಾರೆ. ಹೆಣ್ಣುಮಕ್ಕಳಿಗೆ ಬೇಕಾದ ಎಷ್ಟೋ ಸಾಮಾನನ್ನು ಹತ್ತು ಜನ ಗಂಡಸರು ಎಲೆಯಡಿಕೆ ಹಾಕುತ್ತ ಕೂತ ಜಾಗದಲ್ಲಿ ಬಾಯಿಬಿಟ್ಟು ಕೇಳುವುದು ಹೇಗೆ? ಪೇಟೆಯ ಅಂಗಡಿಯಲ್ಲಿ ಯಾರ ಗುರುತೂ ಇಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ, ದರ ಓದಿ, ಬೇಡವಾದರೆ ಅಲ್ಲೇ ಇಟ್ಟು ಮುಂದೆ ಹೋಗಬಹುದು. ಏನು ಕೊಂಡರು, ಎಷ್ಟು ಕೊಂಡರು ಎಂಬುದು ಸಂಜೆಯೊಳಗೆ ಊರೆಲ್ಲ ಆಗುವುದಿಲ್ಲ.

ಈ ಪದ್ಧತಿ ಹೊಸತೇನಲ್ಲ. ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು 1916ರಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದರು. ಅಲ್ಲಿಯೂ ಅದಕ್ಕೆ ಮೊದಲು ನಮ್ಮ ಹಾಗೇ ಮೇಜು, ಚೀಟಿ, ಗುಮಾಸ್ತ. ಅವರು ಗಿರಾಕಿಯ ಕೈಗೆ ಬುಟ್ಟಿ ಕೊಟ್ಟು ಒಳಗೆ ಬಿಟ್ಟರು. ಮುಂದೆ ಇಂಗ್ಲೆಂಡಿನಲ್ಲಿ ಇದನ್ನು ಮುಂಚೂಣಿಯಲ್ಲಿ ನಿಂತು ತಂದವರು ಖಾಸಗಿ ಸಾಹುಕಾರರಿಗಿಂತ ಹೆಚ್ಚಾಗಿ ಸಹಕಾರ ಸಂಘಗಳು. ಬುಟ್ಟಿ ಹಿಡಿದು ಸಾಮಾನು ಆರಿಸುವುದು ಸಹಕಾರಕ್ಕೆ ಹೊರಗಿನ ಸಂಗತಿ ಅಂತ ತಿಳಿಯಬೇಕಾಗಿಲ್ಲ.

ಇನ್ನು ತಿರುಗಾಟದ ಖುಷಿ. ಶಿವಮೊಗ್ಗದ ಮಾಲ್‌ಗೆ ನಮ್ಮ ಹುಡುಗರು ಹೋಗುತ್ತಾರೆ, ಒಂದು ಕರ್ಚೀಫನ್ನೂ ಕೊಳ್ಳದೆ ಬರುತ್ತಾರೆ. ಹಿರಿಯರಿಗೆ ಸಿಟ್ಟು. ಎಡ್ವರ್ಡ್ ಟೌಬರ್ ಎಂಬ ಅಮೆರಿಕದ ವಿದ್ವಾಂಸರು 1972ರಲ್ಲಿ ಜನ ಅಂಗಡಿಗೆ ಯಾಕೆ ಹೋಗುತ್ತಾರೆ ಎಂಬುದರ ಮೇಲೆಯೇ ಒಂದು ಲೇಖನ ಬರೆದಿದ್ದಾರೆ. ಬೇಸರ ಕಳೆಯಲು, ನಾಲ್ಕು ಜನರನ್ನು ನೋಡಲು, ಹೊಸತೇನು ಬಂದಿದೆ ತಿಳಿಯಲು, ಕಾಲಾಡಿಸಲು ಕೂಡ ಹೋಗುತ್ತಾರೆ ಅಂತ. ಇದಕ್ಕೆ ಅಮೆರಿಕದವರೇ ಬೇಕಾಗಿರಲಿಲ್ಲ, ನಮ್ಮ ಅಜ್ಜಂದಿರು ಸಂತೆಗೆ ಹೋಗುತ್ತಿದ್ದದ್ದೂ ಬರೀ ಮೆಣಸಿನಕಾಯಿಗಲ್ಲವಲ್ಲ! ಮಳೆಗಾಲದಲ್ಲಿ ನಾಲ್ಕು ತಿಂಗಳು ಅಡಿಗೆಮನೆ, ಕೊಟ್ಟಿಗೆ ಅಂತ ಇದ್ದ ಹೆಣ್ಣುಮಗಳು ಒಂದು ದಿನ ಸೀರೆ ಉಟ್ಟು ಪೇಟೆಗೆ ಹೋಗಿ ಬಂದರೆ ಅದನ್ನು ದುಂದು ಅನ್ನುವುದು ನಮಗೆ ಒಪ್ಪಿಗೆಯಿಲ್ಲ.

ಹಾಗಾದರೆ ಎಲ್ಲ ಸರಿ ಇದೆ, ಕಿರಾಣಿ ಮುಚ್ಚಿದರೆ ನಷ್ಟವೇನು? ನಷ್ಟ ಯಾರಿಗೆ ಅಂತ ನೋಡಬೇಕು. ಫ್ರಾನ್ಸಿನಲ್ಲಿ ಕಾರ್ಫೂರ್ ಕಂಪೆನಿಯವರು 1963ರಲ್ಲಿ ಪ್ಯಾರಿಸಿನ ಹೊರವಲಯದಲ್ಲಿ, ನಾಲ್ಕುನೂರು ಕಾರು ನಿಲ್ಲುವ ಜಾಗ ಇಟ್ಟು, ಎಲ್ಲವೂ ಒಂದೇ ಕಡೆ ಸಿಗುವ ಭಾರಿ ಅಂಗಡಿ ತೆರೆದರು. ಮನೆಮನೆಗೆ ಕಾರು, ಫ್ರಿಜ್ಜು ಬಂದ ಕಾಲ ಅದು, ವಾರದ ಸಾಮಾನು ಒಂದೇ ಸಲ ತರಬಹುದು. ಇಂಥವು ಹೆಚ್ಚಿ ಸಣ್ಣ ಅಂಗಡಿಯವರ ಕೂಗು ಎದ್ದು, ಹತ್ತೇ ವರ್ಷದಲ್ಲಿ, 1973ರಲ್ಲಿ, ದೊಡ್ಡ ಅಂಗಡಿಗೆ ಅನುಮತಿ ಬೇಕೆಂದು ಅಲ್ಲಿನ ಸರಕಾರ ಕಾನೂನು ಮಾಡಿತು. ಊರೊಳಗಿನ ಅಂಗಡಿ ಮುಚ್ಚಿದಾಗ ಕಾರಿದ್ದವರಿಗೆ ಏನೂ ಆಗುವುದಿಲ್ಲ. ಇಲ್ಲದವರಿಗೆ ಆಗುತ್ತದೆ.

ನಮ್ಮಲ್ಲೂ ಅಷ್ಟೇ. ಬೈಕು ಇದ್ದವರಿಗೆ ಸೊಸೈಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಮಕ್ಕಳೆಲ್ಲ ಬೆಂಗಳೂರು ಸೇರಿ, ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇರುವ ಮನೆಗಳು ಈ ಊರಿನಲ್ಲಿ ಎಷ್ಟಿವೆ, ನಿಮಗೇ ಗೊತ್ತು. ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಲಾರದ ಮನೆಗಳಿವೆ. ಅವರಿಗೆ ಕಾಲು ಕೆ.ಜಿ. ಸಕ್ಕರೆ, ಒಂದು ಬೆಂಕಿಪೊಟ್ಟಣ, ಕಾಲು ಲೀಟರು ಎಣ್ಣೆ ಸಿಗಬೇಕಾದ್ದು ಇಲ್ಲೇ. ಅವರೂ ಷೇರು ಹಾಕಿದ ಸದಸ್ಯರೇ.

ಇಲ್ಲೇ ನಮಗೆ ಸದಸ್ಯರ ಹತ್ತಿರ ಒಂದು ತಕರಾರಿದೆ, ಬಿಡುವ ಹಾಗಿಲ್ಲ. ಅಡಿಕೆ ದುಡ್ಡು ಬಂದಾಗ ಪೇಟೆ, ಮಳೆಗಾಲದಲ್ಲಿ ಕೈ ಖಾಲಿಯಾದಾಗ ಸೊಸೈಟಿ. ರೊಕ್ಕ ಪೇಟೆಗೆ, ಉದ್ರಿ ಊರಿಗೆ. ಪೇಟೆಯ ಅಂಗಡಿಯ ಕೌಂಟರಿನಲ್ಲಿ "ಬರೆದುಕೊಳ್ಳಿ, ಸುಗ್ಗಿಗೆ ಕೊಡುತ್ತೇವೆ" ಅಂದು ನೋಡಿ! ಆ ಮಾತು ನಡೆಯುವುದು ಇಲ್ಲಿ ಮಾತ್ರ. ಎಂಟು ತಿಂಗಳು ಬರೆದುಕೊಳ್ಳುವ ಅಂಗಡಿ, ನಾಲ್ಕು ತಿಂಗಳಾದರೂ ರೊಕ್ಕದ ವ್ಯಾಪಾರ ಕಾಣದಿದ್ದರೆ, ಉಳಿದ ಎಂಟು ತಿಂಗಳ ಸಾಮಾನು ಎಲ್ಲಿಂದ ತರಬೇಕು? ಪೇಟೆಗೆ ಹೋಗಬೇಡಿ ಅನ್ನುವುದಿಲ್ಲ. ಸುಗ್ಗಿಯ ಚೀಟಿಯಲ್ಲಿ ಅರ್ಧವಾದರೂ ಇಲ್ಲಿಗೆ ಬರಲಿ ಅನ್ನುತ್ತೇವೆ.

ದೊಡ್ಡ ಸೂಪರ್ ಮಾರ್ಕೆಟ್ ಕಟ್ಟುವ ಮಾತಿಗೆ ಶಿರಸಿಯ ಟಿ.ಎಸ್.ಎಸ್. ಉದಾಹರಣೆ ಕೊಡುತ್ತಾರೆ. ತೋಟಗಾರರು 1923ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಸದಸ್ಯ ಅಡಿಕೆ ತರುತ್ತಾನೆ, ಅದೇ ಸಂಸ್ಥೆಯ ಸೂಪರ್ ಮಾರ್ಕೆಟ್ಟಿನಲ್ಲಿ ಮನೆ ಸಾಮಾನು ಕಟ್ಟಿಸಿಕೊಂಡು ಹೋಗುತ್ತಾನೆ. ಬಹಳ ಒಳ್ಳೆಯದು. ಆದರೆ ಅದು ಶಿರಸಿಯಲ್ಲಿದೆ. ಸುತ್ತಲಿನ ಹಳ್ಳಿಯವರು ಹೇಗೂ ಬರುವ ಪೇಟೆಯಲ್ಲಿದೆ. ನಮ್ಮ ಊರಿಗೆ ಅಡಿಕೆ ಮಾರಲು ಯಾರು ಬರುತ್ತಾರೆ? ಸಾಲ ಮಾಡಿ ಕಟ್ಟಿದ ಕಟ್ಟಡ ಪೇಟೆಗೆ ಹೋಗುವ ಬಸ್ಸನ್ನು ನಿಲ್ಲಿಸುವುದಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಪೇಟೆಗೆ ಹೋಗಿ ತರುವ ಸಾಮಾನನ್ನು ಪೇಟೆಗೆ ಬಿಡೋಣ. ಯಾರೂ ಪೇಟೆಗೆ ಹೋಗಿ ತರಲು ಕಾಯದ ಸಾಮಾನು ನಮ್ಮಲ್ಲಿ ಯಾವಾಗಲೂ ಇರಲಿ. ಜೂನ್ ತಿಂಗಳಲ್ಲಿ ಮಳೆ ಅರ್ಧ ದಿನ ಹೊಳವಾಯಿತು, ಕೊನೆಗೌಡ ಬಂದು ನಿಂತ, ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ನೂರು ಲೀಟರು ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತ ಎರಡು ಕೆ.ಜಿ. ಕಡಿಮೆ ಬಿತ್ತು. ಆಗ ಯಾರಾದರೂ ಐವತ್ತು ಕಿಲೋಮೀಟರು ಹೋಗಿ ಬರುತ್ತಾರಾ? ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹಾಗೆಯೇ ದನದ ಹಿಂಡಿ, ಗೋಣಿಚೀಲ, ಟಾರ್ಚಿನ ಸೆಲ್ಲು, ನೆಂಟರು ಬಂದಾಗ ಬೇಕಾಗುವ ಅವಲಕ್ಕಿ, ಸಕ್ಕರೆ, ಚಾಪುಡಿ.

ಜೊತೆಗೆ ಎರಡು ಬದಲಾವಣೆ. ಈಗ ಇರುವ ಕೋಣೆಯಲ್ಲೇ ಅಡ್ಡ ಮೇಜನ್ನು ಬಾಗಿಲ ಬಳಿಗೆ ಸರಿಸಿ, ಸದಸ್ಯರನ್ನು ಒಳಗೆ ಬಿಡುವುದು. ಎಲ್ಲ ಸಾಮಾನಿಗೂ ದರದ ಚೀಟಿ. ಇದಕ್ಕೆ ಬಡಗಿಯ ಕೂಲಿ ಬಿಟ್ಟರೆ ದೊಡ್ಡ ಖರ್ಚಿಲ್ಲ. ಎರಡನೆಯದು ಹೊತ್ತು. ಅಂಗಡಿ ಈಗ ತೆರೆಯುವ ಹೊತ್ತಿಗೆ ಸದಸ್ಯರು ತೋಟದಲ್ಲಿರುತ್ತಾರೆ. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕೂಲಿಕಾರರು ಸೇರಿ ತೆರೆದ ಸಹಕಾರಿ ಅಂಗಡಿ ಮೊದಮೊದಲು ವಾರದಲ್ಲಿ ಎರಡು ಸಂಜೆ ಮಾತ್ರ ತೆರೆಯುತ್ತಿತ್ತಂತೆ. ಸಾಮಾನು ನೋಡಿದರೆ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಮೇಣದಬತ್ತಿ. ಕೆಲಸ ಮುಗಿಸಿ ಬರುವವರಿಗೆ ಅನುಕೂಲದ ಹೊತ್ತು ಅದು. ನಾವೂ ಸಂಜೆ ಐದರಿಂದ ಎಂಟರವರೆಗೆ ತೆರೆದು, ಒಂದು ಮಳೆಗಾಲ ಒಂದು ಸುಗ್ಗಿ ನೋಡೋಣ. ಸ್ವಸಹಾಯ ಗುಂಪಿನ ತಾಯಂದಿರು ಇಬ್ಬರು ವಾರಕ್ಕೊಮ್ಮೆ ಬಂದು ಏನು ತರಿಸಬೇಕು ಅಂತ ಪಟ್ಟಿ ಕೊಡಲಿ. ಪ್ರತಿ ತಿಂಗಳ ವ್ಯಾಪಾರದ ಅಂಕಿ, ರೊಕ್ಕ ಎಷ್ಟು ಉದ್ರಿ ಎಷ್ಟು ಎಂದು, ಅಂಗಡಿಯ ಗೋಡೆಗೇ ಹಚ್ಚೋಣ. ಮುಚ್ಚುವ, ಕಟ್ಟುವ ಠರಾವು ಆ ಅಂಕಿ ನೋಡಿದ ಮೇಲೆ ಬರಲಿ. ಈ ಸೂಚನೆಯನ್ನು ಬರವಣಿಗೆಯಲ್ಲಿ ಅಧ್ಯಕ್ಷರಿಗೆ ಈಗಲೇ ಕೊಡುತ್ತಿದ್ದೇವೆ. ಅನುಮೋದಿಸುವವರು ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಹತ್ತಿರ ಸಹಿ ಹಾಕಬೇಕಾಗಿ ಕೋರುತ್ತೇವೆ.